ಮುಗುಡು ಮೀನಿನ ಸಾಕ್ಷಿ

ಶಿರಾಲಿಯಲ್ಲಿ ನಾನು ಕಲಿಸುವ ಶಾಲೆಯ ಹಿಂದಿನ ಹೊಂಡದಲ್ಲಿ ಈ ವರ್ಷ ಯಾರೋ ತೆಂಗಿನ ಸಿಪ್ಪೆ ಕೊಳೆಯಲು ಹಾಕಿದ್ದಾರೆ. ಗಾಳಿ ಆ ಕಡೆಯಿಂದ ಬೀಸಿದ ಕೂಡಲೇ ಕೊಳೆತ ಮೊಟ್ಟೆಯ ನಾತ ತರಗತಿಯೊಳಗೆ ನುಗ್ಗುತ್ತದೆ. ಮಕ್ಕಳು ಮೂಗು ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ನಾತಕ್ಕೆ ನನ್ನಲ್ಲಿ ಮೊದಲು ಏಳುವುದು ಸಿಟ್ಟು. ಆಮೇಲೆ ನೆನಪಾಗುವುದು ೧೯೪೬ನೇ ಇಸವಿಯ ಬೇಸಿಗೆ.

ಆಗ ನನಗೆ ಹದಿನೆಂಟು. ಮುಲ್ಕಿ ಪರೀಕ್ಷೆ ಪಾಸಾಗಿ, ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿ, ಉತ್ತರ ಬರಲಿ ಎಂದು ಮನೆಯಲ್ಲಿ ಕುಳಿತಿದ್ದೆ. ನಮ್ಮ ಊರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯ ತೆಂಕಣ ದಡದಲ್ಲಿ. ಅಂಗಳದಲ್ಲಿ ನಿಂತರೆ ಎದುರು ದಡದ ತದಡಿಯ ದೋಣಿಗಳು ಕಾಣುತ್ತವೆ. ಕೆಲಸವಿಲ್ಲದ ಕೈಗೆ ಬರೆಯುವ ಚಟ ಹತ್ತಿತ್ತು. ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಅಪ್ಪನ ಬಲೆಗೆ ಯಾವ ಮೀನು ಎಷ್ಟು ಬಿತ್ತು ಎಂದು ದಿನವೂ ತಾರೀಖು ಹಾಕಿ ಬರೆಯುತ್ತಿದ್ದೆ. ಅವ್ವಿ ಅದನ್ನು ಕಂಡು, "ಬರ್ದ್ರೆ ಮೀನು ಹೆಚ್ಚು ಬೀಳ್ತದ್ಯೆ?" ಎಂದು ಕೇಳುತ್ತಿದ್ದಳು.

ಆ ವರ್ಷ ಬರೆಯಲು ಮೀನೇ ಇರಲಿಲ್ಲ.

ನದಿಯಿಂದ ನಮ್ಮ ಊರೊಳಗೆ ಒಂದು ಉಪ್ಪುನೀರಿನ ಹಳ್ಳ ಸೀಳಿಕೊಂಡು ಬರುತ್ತದೆ. ಅದರ ಬಾಯಿಗೆ ಮಣ್ಣಿನ ಬಾಂಧು, ಬಾಂಧಿನಲ್ಲಿ ಹಲಗೆಯ ಬಾಗಿಲು. ಮೇಲ್ತುದಿಯಲ್ಲಿ ಗುಡ್ಡದ ಒರತೆಯ ಸಿಹಿನೀರು ಬಂದು ಸೇರುತ್ತದೆ. ಹಳ್ಳವೂ ಸುತ್ತಲಿನ ಗದ್ದೆಯೂ ಕುಮಟೆಯ ಒಡೆಯರದ್ದು. ಅದರಲ್ಲಿ ಮೀನು ಹಿಡಿಯುವ ಹಕ್ಕು ನಮ್ಮ ನಾಲ್ಕು ಮನೆಗಳದ್ದು. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ಈ ಹಳ್ಳ ಕೊಟ್ಟರೆ ನಮ್ಮ ಒಲೆ ಉರಿಯಬೇಕು, ಇಲ್ಲದಿದ್ದರೆ ಇಲ್ಲ.

ಹಿಂದಿನ ದೀಪಾವಳಿಯಾದ ಮೇಲೆ ಒಡೆಯರು ಅದೇ ಹಳ್ಳವನ್ನು ಕತ್ತದ, ಎಂದರೆ ತೆಂಗಿನ ನಾರಿನ, ಸಾಹುಕಾರರೊಬ್ಬರಿಗೂ ಕೊಟ್ಟರು. ಸಾಹುಕಾರರು ದೋಣಿ ದೋಣಿ ಸಿಪ್ಪೆ ತರಿಸಿ, ಹಳ್ಳದ ತಳಕ್ಕೆ ಒತ್ತಿ, ಮೇಲೆ ಕೆಸರು ಹೇರಿಸಿದರು. ನೀರು ಹರಿದು ಹೋದರೆ ಸಿಪ್ಪೆ ಬೇಗ ಕೊಳೆಯುವುದಿಲ್ಲವೆಂದು ಬಾಗಿಲಿನ ಹಲಗೆಗಳನ್ನು ಇಳಿಸಿ ಬಿಗಿಸಿಬಿಟ್ಟರು. ಜನವರಿಯಲ್ಲಿ ನೀರು ಚಹದ ಬಣ್ಣಕ್ಕೆ ಬಂತು. ಫೆಬ್ರವರಿಯಲ್ಲಿ ಮಸಿಯಾಯಿತು.

ಹಳ್ಳ ಸತ್ತದ್ದನ್ನು ನಾನು ದಿನ ದಿನವೂ ದಡದಲ್ಲಿ ನಿಂತು ನೋಡಿದ್ದೇನೆ. ಮೊದಲು ಸೀಗಡಿಗಳು ದಡಕ್ಕೆ ಹಾರಿ ಬಿದ್ದವು. ಬೆಳಗಿನ ಹೊತ್ತು ಮಾಳ ಮೀನುಗಳು ಸಾಲಾಗಿ ಮೇಲೆ ಬಂದು, ನೀರಿನ ಮೈಗೆ ತುಟಿ ಹಚ್ಚಿ ಬಾಯಿ ಬಡಿಯುತ್ತಿದ್ದವು. ಮೂರನೆಯ ದಿನ ಹೊಟ್ಟೆ ಮೇಲಾಗಿ ತೇಲಿದವು. ಬಳಚು ಚಿಪ್ಪುಗಳು ಬಾಯಿ ಬಿಗಿದುಕೊಂಡು ಇನ್ನೂ ಕೆಲವು ದಿನ ತಡೆದವು. ಆಮೇಲೆ ಅವೂ ಬಾಯಿ ಬಿಟ್ಟವು. ಏಡಿಗಳು ಮಾತ್ರ ನೀರು ಬಿಟ್ಟು ಕಾಂಡ್ಲ ಗಿಡದ ಬೇರುಗಳ ಮೇಲೆ ಹತ್ತಿ ಕುಳಿತವು. ಕೆಸರಿನ ಮೇಲೆ ಕುಪ್ಪಳಿಸುವ ಉಬ್ಬುಗಣ್ಣಿನ ಸಣ್ಣ ಮೀನುಗಳು ಏನೂ ಆಗದವರಂತೆ ಕುಪ್ಪಳಿಸುತ್ತಲೇ ಇದ್ದವು. ಮೇಲ್ತುದಿಯಲ್ಲಿ ಮೀಸೆಯ ಮುಗುಡು ಮೀನುಗಳು ಆಗಾಗ ಮೇಲಕ್ಕೆ ಬಂದು, ಒಂದು ಗುಟುಕು ಗಾಳಿ ನುಂಗಿ, ಬಾಲ ಬಡಿದು ಕೆಳಗೆ ಹೋಗುತ್ತಿದ್ದವು.

ನಮ್ಮ ಸಿಟ್ಟು ಸಾಹುಕಾರರ ಮೇಲೆ. ಆದರೆ ಸಾಹುಕಾರರು ನಮ್ಮ ಊರಲ್ಲಿ ಇರುತ್ತಿರಲಿಲ್ಲ. ಊರಲ್ಲಿ ಇದ್ದವಳು ದುರ್ಗಿ. ನಮ್ಮ ಮನೆಯಿಂದ ಹಳ್ಳಕ್ಕೆ ಹೋಗುವ ದಾರಿಯಲ್ಲೇ ಅವಳ ಮನೆ. ಗಂಡ ಎರಡು ವರ್ಷದಿಂದ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. ಅವಳೂ ಇನ್ನು ಕೆಲವು ಹೆಂಗಸರೂ ಕೊಳೆತ ಸಿಪ್ಪೆಯನ್ನು ಎತ್ತಿ, ದಡದಲ್ಲಿ ಕೊಡತಿಯಿಂದ ಬಡಿದು ನಾರು ಬಿಡಿಸುತ್ತಿದ್ದರು. ಮೊಣಕೈವರೆಗೆ ಕಪ್ಪು ಹತ್ತಿದ ಅವರ ಕೈಗಳಿಂದ ಆ ನಾತ ತೊಳೆದರೂ ಹೋಗುತ್ತಿರಲಿಲ್ಲ.

ಒಂದು ದಿನ ದುರ್ಗಿ ಬಾವಿಕಟ್ಟೆಗೆ ಬಂದಾಗ ಅವ್ವಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಷ್ಟು ಸಾಕಾಯಿತು.

"ಮೂಗು ಎಂತಕೆ ಮುಚ್ಕಂತೆ ಸಣ್ಣಕ್ಕಾ?" ಎಂದಳು ದುರ್ಗಿ. "ನಿನ್ನದೆಂತ ಮಲ್ಲಿಗೆ ಹೂವಿನ ಬುಟ್ಟಿಯಾ?"

"ನನ್ನ ಮೀನು ಬುಟ್ಟಿ ನಾತ ಕುಮ್ಟೆ ಪ್ಯಾಟೇಲಿ ಮುಗೀತದೆ. ನಿಂದು ನನ್ನ ಅನ್ನದ ಬಟ್ಟಲಿಗೆ ಬತ್ತದೆ."

"ಹಾಗಾರೆ ಬಟ್ಟಲು ಮುಚ್ಚಿಟ್ಕ."

"ಮುಚ್ಚುಕೆ ಅದ್ರಲ್ಲಿ ಎಂತ ಅದೆ ಹೇಳು? ಎಲ್ಲ ನೀ ಬಡಿದು ಹಾಕಿದ್ಯಲ್ಲೇ!"

ದುರ್ಗಿ ತನ್ನ ಕೊಡ ತುಂಬಿಕೊಂಡು, ಹಗ್ಗವನ್ನು ಬೇಕೆಂದೇ ಬಾವಿಯೊಳಗೆ ಬಿಟ್ಟು ಹೋದಳು. ಅದನ್ನು ಕೊಕ್ಕೆ ಹಾಕಿ ತೆಗೆಯಲು ನನಗೆ ಮಧ್ಯಾಹ್ನವಾಯಿತು.

ಮಾರ್ಚ್ ತಿಂಗಳಲ್ಲಿ ಅವ್ವಿಯ ತಮ್ಮ ಜಟ್ಟಿ ಮಾವ ಲಡಾಯಿ ಮುಗಿಸಿ ಬಂದ. ಅವನು ಸೈನ್ಯದಲ್ಲಿ ಹೇಸರಗತ್ತೆ ಹೊಡೆಯುವವನು. ಉತ್ತರದ ಹಿಮದ ಬೆಟ್ಟಗಳ ಮೇಲೆ ಸಾಮಾನು ಹೊರಿಸಿಕೊಂಡು ಹೋಗುವುದು ಅವನ ಕೆಲಸವಾಗಿತ್ತು. ಬಂದ ಮರುದಿನ ಹಳ್ಳದ ದಡಕ್ಕೆ ಹೋದವನು, ಅಳಿದುಳಿದ ಮೀನುಗಳು ಬಾಯಿ ಬಡಿಯುವುದನ್ನು ಕುಕ್ಕರಗಾಲಲ್ಲಿ ಕುಳಿತು ನೋಡಿದ.

"ನಮ್ಮ ಹೇಸರಗತ್ತೆಗಳೂ ಹೀಂಗೇ ಮಾಡ್ತಿದ್ವು ತುಳ್ಸೀ," ಎಂದು ನನಗೆ ಹೇಳಿದ.

"ಅಲ್ಲಿ ನೀರು ಎಲ್ಲಿತ್ತು ಮಾವ?"

"ನೀರಲ್ಲ, ಗಾಳಿ. ಗಾಳಿ ಬೀಸ್ತದೆ, ಮೈ ಕೊರೀತದೆ, ಆದ್ರೆ ಎಳ್ಕಂಡ್ರೆ ಎದೆ ತುಂಬುದಿಲ್ಲ. ಮೇಲೆ ಹೋದ ಹಾಗೆ ಗಾಳಿ ತೆಳೂ ಆಗ್ತದೆ. ನಾಲ್ಕು ಹೆಜ್ಜೆಗೆ ಒಂದ್ಸಲ ನಿಲ್ಲೂದು."

ಬಲೆ ಹೆಣೆಯುತ್ತ ಅವನು ಹೇಳಿದ್ದನ್ನು ನಾನು ಹಲವು ದಿನ ಕೇಳಿದೆ. ಬಯಲುಸೀಮೆಯ ಹೇಸರಗತ್ತೆಗಳನ್ನು ಒಮ್ಮೆಗೇ ಮೇಲೆ ಹತ್ತಿಸುವಂತಿರಲಿಲ್ಲ. ನಡುದಾರಿಯಲ್ಲಿ ವಾರಗಟ್ಟಲೆ ನಿಲ್ಲಿಸಿ, ಮೈ ಆ ಗಾಳಿಗೆ ಹೊಂದಿಕೊಂಡ ಮೇಲೆ ಮುಂದೆ ಹೊಡೆಯಬೇಕು. ನಿಂತಷ್ಟು ದಿನವೂ ಅವುಗಳ ರಕ್ತ ಗಟ್ಟಿಯಾಗುತ್ತ ಹೋಗುತ್ತದೆಂದು ದನದ ಡಾಕ್ಟರರು ಹೇಳುತ್ತಿದ್ದರಂತೆ. ಆದರೆ ಅಲ್ಲಿಯೇ ಹುಟ್ಟಿದ ಗಿಡ್ಡ ಕುದುರೆಗಳು, ನೆಲ ಗುಡಿಸುವಷ್ಟು ಕೂದಲಿನ ಚಮರೀಮೃಗಗಳು ಅದೇ ಗಾಳಿಯಲ್ಲಿ ಹೊರೆ ಹೊತ್ತು ಹತ್ತುತ್ತಿದ್ದವು. ಅವುಗಳ ಎದೆಗೂಡು ಪೀಪಾಯಿಯ ಹಾಗೆ. ಅವುಗಳ ರಕ್ತದ ಜಾತಿಯೇ ಬೇರೆ, ಸಿಕ್ಕಷ್ಟು ಗಾಳಿಯನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರರು ಅಂದಿದ್ದರು. ಅದೇ ಚಮರಿಯನ್ನು ಕೆಳಗಿನ ಬೆಚ್ಚನೆಯ ಕಣಿವೆಗೆ ಇಳಿಸಿದರೆ ನಾಲಗೆ ಚಾಚಿ ಏದುತ್ತಿತ್ತು. ಅಡಿಗೆಯವನು ಮೊಟ್ಟೆಗೆಂದು ಕೆಳಗಿನಿಂದ ಕೋಳಿಗಳನ್ನು ಕೊಂಡೊಯ್ದಿದ್ದ. ಅವು ಕಾವಿಗೆ ಕುಳಿತವು, ಒಂದೂ ಮರಿಯಾಗಲಿಲ್ಲ. ಒಡೆದು ನೋಡಿದರೆ ಮರಿಗಳು ಚಿಪ್ಪಿನೊಳಗೇ ಸತ್ತಿದ್ದವು.

ಒಂದು ಮಾತನ್ನು ಹೇಳುವಾಗ ಮಾತ್ರ ಮಾವನ ಕೈ ಬಲೆಯ ಮೇಲೆ ನಿಂತಿತು. ಒಂದು ಏರಿನಲ್ಲಿ ಅವನ ಹೇಸರಗತ್ತೆಗಳು ತಲೆ ಇಳಿಬಿಟ್ಟು ನಿಂತವಂತೆ. ಹೊಸದಾಗಿ ಬಂದ ಸಾಹೇಬ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಚಮರಿಯನ್ನು ತೋರಿಸಿ, ಅದಕ್ಕಿಲ್ಲದ ಕಷ್ಟ ಇವಕ್ಕೆ ಎಲ್ಲಿಂದ ಬಂತು, ಹೊಡೆ ಎಂದ. ಮಾವ ಹೊಡೆದ. ಎರಡು ಹೇಸರಗತ್ತೆಗಳು ಅಲ್ಲೇ ಬಿದ್ದವು.

"ಹುಟ್ಟಿದ ಕಡೆ ಬದುಕೂದಕ್ಕೆ ಯಾವ ಪ್ರಾಣಿಗೂ ಕಷ್ಟ ಇಲ್ಲ," ಎಂದ. "ಅದನ್ನ ನೋಡ್ಕಂಡು ಇನ್ನೊಂದನ್ನ ಅಳೀತ್ರಲ್ಲ, ಅಲ್ಲೇ ಕೊಲೆ ಆಗೂದು."

ಏಪ್ರಿಲ್ ಮೊದಲ ವಾರ ಅಪ್ಪ, ಅವ್ವಿ, ಮಾವ ಕುಮಟೆಗೆ ಹೋಗಿ ಒಡೆಯರ ಅಂಗಳದಲ್ಲಿ ನಿಂತರು. ಹಳ್ಳ ಸತ್ತಿದೆ, ಮಳೆಗಾಲಕ್ಕೆ ಮೊದಲು ಸಿಪ್ಪೆ ತೆಗೆಸಿ ಬಾಗಿಲು ಬಿಡಿಸಬೇಕು ಎಂದು ಕೇಳಿಕೊಂಡರು. ಒಮ್ಮೆ ಬಂದು ನೋಡಿ ಎಂದರು. ಒಡೆಯರಿಗೆ ಆ ನಾತದೊಳಗೆ ಬರುವ ಮನಸ್ಸಿರಲಿಲ್ಲ.

"ನಾ ಎಂತಕೆ ಬರ್ಬೇಕು? ಆ ಹಳ್ಳದ ನೀರು ತನ್ನಿ, ಆ ಹಳ್ಳದ ಜೀವದ ಮೀನು ತನ್ನಿ. ನನ್ನೆದುರಿಗೆ ಸತ್ರೆ ಸಿಪ್ಪೆ ತೆಗೆಸ್ತೆ. ಬದುಕಿದ್ರೆ ಮತ್ತೆ ಈ ಮಾತಿಗೆ ಬರುಕಾಗ."

"ಆತು ಒಡೆಯಾ," ಎಂದುಬಿಟ್ಟಳು ಅವ್ವಿ.

ಮನೆಗೆ ಬಂದು ಹೇಳಿದಾಗ ನಾನು ದಿನಚರಿ ತೆರೆದು ನೋಡಿದೆ. ಅಷ್ಟು ಹೊತ್ತಿಗೆ ಆ ಹಳ್ಳದ ನೀರೊಳಗೆ ಜೀವ ಹಿಡಿದುಕೊಂಡಿದ್ದ ಮೀನೆಂದರೆ ಮುಗುಡು ಒಂದೇ. ಸಾಯುವವೆಲ್ಲ ಸತ್ತು ಮುಗಿದಿದ್ದವು. ಸಾಯದ್ದನ್ನು ತಂದು ಸಾಯಿಸಿ ತೋರಿಸುತ್ತೇವೆಂದು ಅವ್ವಿ ಒಪ್ಪಿ ಬಂದಿದ್ದಳು.

"ನದಿಯ ಮಾಳ ಮೀನನ್ನೂ ಒಯ್ಯುವ," ಎಂದ ಅಪ್ಪ. "ಕರೀ ನೀರಿಗೆ ಬಿಟ್ರೆ ಕಣ್ಣೆದುರಿಗೇ ಸಾಯ್ತದೆ. ಒಡೆಯರಿಗೂ ಕಣ್ಣದೆ."

ಗೊತ್ತಾದ ದಿನ ಬೆಳಗಾಗುತ್ತಲೇ ಹೊರಟೆವು. ನಾನೂ ಹೋದೆ. ಒಂದು ಕೊಡದಲ್ಲಿ ಕಪ್ಪು ನೀರು, ಅದರೊಳಗೆ ಮೂರು ಮುಗುಡು. ಇನ್ನೊಂದರಲ್ಲಿ ನದಿಯ ನೀರು, ಅದರೊಳಗೆ ಮಾಳ ಮೀನುಗಳು. ಗದ್ದೆಯಂಚು ದಾಟಿ, ಗುಡ್ಡ ಹತ್ತಿ, ಕೆಂಪು ರಸ್ತೆಗೆ ಬರುವಾಗ ಬಿಸಿಲೇರಿತ್ತು. ಅಡಿಕೆ ಹಾಳೆಯ ಟೊಪ್ಪಿಯಿಂದ ಮತ್ತೆ ಮತ್ತೆ ನೀರು ಮೊಗೆದು ಮೇಲಿಂದ ಸುರಿದೆವು. ಅರ್ಧ ದಾರಿಯಲ್ಲಿ ಮೊದಲ ಮಾಳ ಮೀನು ವಾಲಿತು. ಕುಮಟೆಯ ಪೇಟೆ ಕಾಣುವಾಗ ನದಿಯ ನೀರಿನ ಕೊಡದಲ್ಲಿ ಒಂದೂ ಉಳಿದಿರಲಿಲ್ಲ. ಕಪ್ಪು ನೀರಿನ ಕೊಡದಲ್ಲಿ ಮುಗುಡುಗಳು ಒಂದನ್ನೊಂದು ತಳ್ಳುತ್ತಿದ್ದವು.

ಜಗಲಿಯ ಮೇಲೆ ಒಡೆಯರ ಪಕ್ಕದಲ್ಲಿ ಸಾಹುಕಾರರು ಆಗಲೇ ಬಂದು ಕುಳಿತಿದ್ದರು. ಎರಡೂ ಕೊಡಗಳಿಗೆ ಇಣುಕಿ ನೋಡಿ, ಹೆಗಲ ವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಒಡೆಯರು ದಯಮಾಡಿ ನೋಡಬೇಕು. ಇವರ ಒಳ್ಳೇ ನೀರಲ್ಲಿದ್ದ ಮೀನು ಸತ್ತದೆ. ನನ್ನ ಹಾಳು ನೀರಲ್ಲಿದ್ದದ್ದು ಕುಣೀತದೆ. ಇನ್ನು ನನ್ನ ಸಿಪ್ಪೆ ಮೇಲೆ ಎಂತ ತಪ್ಪು ಹೊರಿಸ್ತಾರೆ ಕೇಳಿ."

ಒಡೆಯರು ನಕ್ಕರು. ನಾನು ದಿನಚರಿಯನ್ನು ತೆಗೆದು ಯಾವ ದಿನ ಯಾವುದು ಸತ್ತಿತೆಂದು ಓದಲು ಹೊರಟೆ. "ಹೆಣ್ಣು ಹುಡ್ಗಿ ಮೀನಿನ ಜಾತಕ ಬರ್ದಿಟ್ಟದೆಯೋ!" ಎಂದು ಅವರು ಮತ್ತೊಮ್ಮೆ ನಕ್ಕರು. ನಾನು ಮುಚ್ಚಿದೆ.

ಆಗ ಜಟ್ಟಿ ಮಾವ ಚಮರಿಯ ಕಥೆ ಹೇಳಿದ. ಸಾಹೇಬನ ತಪ್ಪು ಹೇಳಿದ. ಒಡೆಯರು ಅರ್ಧ ಕೇಳಿ ಆಕಳಿಸಿದರು. "ಅದು ಬೆಟ್ಟದ ಮಾತು. ಇಲ್ಲಿ ಬೆಟ್ಟ ಎಲ್ಲದೆ?" ಎಂದರು.

ಅವ್ವಿಗೆ ಅಲ್ಲಿಯವರೆಗೆ ತಡೆದಿದ್ದ ಸಿಟ್ಟು ಒಮ್ಮೆಗೇ ಬಂತು. "ಒಡೆಯಾ, ಈ ಮೀನು ನೀರು ನಂಬಿ ಬದುಕೂದೇ ಅಲ್ಲ. ಮೇಲೆ ಬಂದು ಗಾಳಿ ಕುಡೀತದೆ, ನೋಡಿ, ನೋಡಿ! ಮೇಲೆ ಬರೂಕೆ ಬಿಡ್ದೆ ಇಟ್ರೆ ನೀವು ಕುಡಿಯೂ ಬಾವಿ ನೀರಲ್ಲೂ ಸಾಯ್ತದೆ!"

"ನನ್ನ ಬಾವಿ ನೀರಲ್ಲಿ?" ಒಡೆಯರ ಮುಖ ಬಿಗಿಯಿತು.

"ಹಾಕಿಸಿ ಒಡೆಯಾ," ಎಂದರು ಸಾಹುಕಾರರು ಖುಷಿಯಿಂದ. "ನಿಮ್ಮ ಬಾವಿ ನೀರಲ್ಲಿ ಸತ್ರೆ ನಾನೇ ಸಿಪ್ಪೆ ಹೊತ್ತು ಹೊರಗೆ ಹಾಕ್ತೆ."

ಆಳು ಎರಡು ಮಡಕೆ ತಂದು ಬಾವಿಯ ನೀರು ತುಂಬಿದ. ಅವನು ಒಂದೇ ಮಡಕೆ ತರುತ್ತಿದ್ದ, ಎರಡು ಬೇಕೆಂದವಳು ನಾನು. ಒಂದೇ ಇಟ್ಟು ಮೀನು ಸತ್ತರೆ ಬಾವಿಯ ನೀರೇ ವಿಷ, ಇಲ್ಲವೆ ದಾರಿಯ ದಣಿವು ಎಂದು ಇವರು ಹೇಳಿಯೇ ಹೇಳುತ್ತಾರೆ ಎಂಬುದು ನನ್ನ ಲೆಕ್ಕ. ಒಂದು ಮಡಕೆಗೆ ಒಂದು ಮುಗುಡು ಹಾಕಿ ಬಾಯಿ ತೆರೆದಿಟ್ಟೆವು. ಇನ್ನೊಂದಕ್ಕೆ ಒಂದು ಮುಗುಡು ಹಾಕಿ, ಅವ್ವಿಯ ಬುಟ್ಟಿಯ ಬಿದಿರಿನ ಮುಚ್ಚಳವನ್ನು ನೀರಿನೊಳಗೆ ನಾಲ್ಕು ಬೆರಳು ಕೆಳಗೆ ಒತ್ತಿ, ಮೇಲೆ ಕಲ್ಲು ಹೇರಿದೆವು. ಮೂರನೆಯದು ತನ್ನ ಕಪ್ಪು ನೀರಿನ ಕೊಡದಲ್ಲೇ ಇತ್ತು. ಒಡೆಯರು ಊಟಕ್ಕೆ ಎದ್ದರು, ಆಮೇಲೆ ಮಲಗಿದರು. ನಾವು ಅಂಗಳದ ತೆಂಗಿನ ನೆರಳು ಸರಿದ ಹಾಗೆಲ್ಲ ಸರಿದು ಕುಳಿತೆವು. ಕುಡಿಯಲು ನೀರು ಬೇಕೇ ಎಂದು ಯಾರೂ ಕೇಳಲಿಲ್ಲ. ಮುಚ್ಚಳದ ಕೆಳಗಿನ ಮೀನು ಹಣೆಯಿಂದ ಬಿದಿರನ್ನು ಗುದ್ದುವ ಸಪ್ಪಳ ಮೊದಮೊದಲು ಜೋರಾಗಿ ಕೇಳುತ್ತಿತ್ತು. ಆಮೇಲೆ ಬಿಟ್ಟು ಬಿಟ್ಟು ಬಂತು. ಆ ಸಪ್ಪಳ ನಿಲ್ಲಲಿ ಎಂದು ನಾವೆಲ್ಲ ಕಾದೆವು. ಒಂದು ಜೀವ ಬೇಗ ಸಾಯಲಿ ಎಂದು ಅಷ್ಟು ಆಸೆಪಟ್ಟದ್ದು ನಾನು ಆ ದಿನ ಮಾತ್ರ.

ಇಳಿಹೊತ್ತಿನಲ್ಲಿ ಒಡೆಯರು ಎದ್ದು ಬಂದರು. ತೆರೆದ ಮಡಕೆಯ ಮುಗುಡು ಬಾಲ ಆಡಿಸುತ್ತಿತ್ತು. ಕಪ್ಪು ನೀರಿನದೂ ಹಾಗೆಯೇ ಇತ್ತು. ಆಳು ಮುಚ್ಚಳ ಎತ್ತಿದಾಗ ಅದರ ಕೆಳಗಿನದು ಬಿಳಿ ಹೊಟ್ಟೆ ತೋರಿಸುತ್ತ ಮೇಲೆ ಬಂತು.

ಒಡೆಯರು ಮೂರಕ್ಕೂ ಇಣುಕಿ ನೋಡಿದರು. ಆಮೇಲೆ ಸಾಹುಕಾರರ ಕಡೆ ತಿರುಗಿ, "ನಾ ಕುಡಿಯೂ ನೀರಲ್ಲಿ ಸತ್ತಿತು. ನಿನ್ನ ನೀರಲ್ಲಿ ಬದುಕ್ತು. ಈ ಮೀನಿನ ಸಾಕ್ಷಿ ನಡಿಯೂದಿಲ್ಲ. ಆದ್ರೆ ಮಾತು ಆಡಿದವ ನೀನೇ, ಮಳೆ ಹಿಡಿಯೂದ್ರೊಳಗೆ ಸಿಪ್ಪೆ ತೆಗೆ. ಬೇಕಾರೆ ಬಾಂಧಿನ ಹೊರಗೆ, ಭರತ ಬಂದು ತೊಳ್ಯೂ ಕಡೆ ಹಾಕು," ಎಂದರು. ನಮ್ಮ ಕಡೆ ತಿರುಗಿದಾಗ ದನಿ ಇನ್ನೂ ಗಡುಸಾಯಿತು. "ನಿಮ್ಮ ಜಗಳ ಇನ್ನೊಂದ್ಸಲ ಈ ಜಗಲಿಗೆ ಬಂದ್ರೆ ಹಳ್ಳನೇ ಮಣ್ಣು ಹಾಕಿ ಮುಚ್ಚಿಸ್ತೆ. ಈ ಮಡಕೆ ಒಯ್ದು ಬಿಸಾಡಿ, ಅಂಗಳ ಸಾರಿಸಿ ಹೋಗಿ."

ಅವ್ವಿ ಸಗಣಿ ಹಾಕಿ ಸಾರಿಸಿದಳು. ನಾನು ನೀರು ಹೊತ್ತು ಕೊಟ್ಟೆ. ಗೆದ್ದೆವೆಂದು ದಾರಿಯಲ್ಲಿ ಯಾರೂ ಹೇಳಲಿಲ್ಲ.

ಈಗ ಶಾಲೆಯ ಪುಸ್ತಕದಲ್ಲಿ ನೀರೊಳಗೂ ಪ್ರಾಣವಾಯು ಕರಗಿರುತ್ತದೆ, ಕೊಳೆಯುವ ವಸ್ತು ಅದನ್ನು ತಿಂದುಹಾಕುತ್ತದೆ ಎಂದು ಓದಿದ್ದೇನೆ. ಆ ದಿನ ಅದು ಗೊತ್ತಿದ್ದರೂ ಒಡೆಯರ ಎದುರು ಬೇರೆ ಏನೂ ಆಗುತ್ತಿರಲಿಲ್ಲವೆಂದು ಕಾಣುತ್ತದೆ.

ಸಾಹುಕಾರರು ಸಿಪ್ಪೆಯನ್ನು ಬಾಂಧಿನ ಹೊರಗೆ ಹಾಕಲಿಲ್ಲ. ಭರತ ಇಳಿತ ನೋಡಿಕೊಂಡು ಕೆಲಸ ಮಾಡಿಸುವುದು ಗಿಟ್ಟುವುದಿಲ್ಲವೆಂದು, ಮೇ ತಿಂಗಳಲ್ಲಿ ಎಲ್ಲವನ್ನೂ ದೋಣಿಗೆ ತುಂಬಿಸಿ ಹೊನ್ನಾವರದ ಕಡೆ, ಶರಾವತಿಯ ದಡಕ್ಕೆ ಸಾಗಿಸಿದರು. ಕೊನೆಯ ದೋಣಿ ಹೋದ ದಿನದಿಂದ ಕೊಡತಿಯ ಸಪ್ಪಳ ನಿಂತಿತು. ದುರ್ಗಿಯ ಕೈ ನಿಧಾನವಾಗಿ ಬೆಳ್ಳಗಾಗುತ್ತ ಬಂತು. ಅವಳು ಬಾವಿಗೆ ನಾವಿಲ್ಲದ ಹೊತ್ತು ನೋಡಿ ಬರತೊಡಗಿದಳು. ಒಂದು ದಿನ ದಾರಿಯಲ್ಲಿ ಎದುರಾದಾಗ ನನಗೆ ಹೇಳಿದಳು:

"ನಿಮ್ಮ ಮೀನಿಗೆ ಉಸಿರು ಬಂತು. ನಮ್ಮ ಮನೆ ಒಲೇದು ಹೋತು. ಅದನ್ನೂ ಬರ್ದಿಟ್ಕ."

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಅಪ್ಪನೂ ಮಾವನೂ ಸೇರಿ ಬಾಗಿಲಿನ ಹಲಗೆಗಳನ್ನು ಎತ್ತಿದರು. ಗುಡ್ಡದಿಂದ ಇಳಿದ ನೀರು ಕಪ್ಪನ್ನೆಲ್ಲ ತಳ್ಳಿಕೊಂಡು ನದಿಗೆ ಬಿತ್ತು. ಹಳ್ಳ ಮಸಿಯಿಂದ ಚಹಕ್ಕೆ, ಚಹದಿಂದ ಕೆಸರಿನ ಕೆಂಪಿಗೆ ತಿರುಗಿತು. ಆದರೂ ಬಲೆ ಖಾಲಿಯೇ ಬಂತು. ಆ ದಿನಗಳಲ್ಲಿ ನಾವು ಗಂಜಿಗೆ ಉಪ್ಪುಮೆಣಸು ಹಾಕಿಕೊಂಡು ಕುಡಿದೆವು. ದುರ್ಗಿಯ ಮನೆಯಲ್ಲಿ ಅದೂ ದಿನಕ್ಕೆ ಒಂದೇ ಹೊತ್ತು ಎಂದು ಊರಲ್ಲಿ ಮಾತಿತ್ತು.

ಜುಲೈ ತಿಂಗಳ ಒಂದು ಬೆಳಗ್ಗೆ ಭರತದ ನೀರಿನ ಜೊತೆ ಮಾಳ ಮೀನಿನ ಹಿಂಡು ಹಳ್ಳದೊಳಗೆ ಬಂತು. ಅಪ್ಪನ ಬಲೆ ಎತ್ತುವಾಗ ಭಾರವಿತ್ತು. ಅವ್ವಿ ಬುಟ್ಟಿ ತುಂಬಿಕೊಂಡು ಮುಂದೆ, ನಾನು ಗೊರಬು ಹೊದ್ದು ಹಿಂದೆ, ಮಳೆಯಲ್ಲೇ ಮನೆಗೆ ಹೊರಟೆವು. ದುರ್ಗಿ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

"ಮೀನು ಬಂದ್ವಾ?" ಎಂದಳು.

"ಬಂದ್ವು," ಎಂದಳು ಅವ್ವಿ.

ಅವ್ವಿ ಬುಟ್ಟಿಯನ್ನು ಸೊಂಟಕ್ಕೆ ಇಳಿಸಿ, ಒಳಗೆ ಕೈ ಹಾಕಿದಳು. ದುರ್ಗಿ ಆ ಕೈಯನ್ನೇ ನೋಡಿದಳು.

"ತೆಗೀಬೇಡ," ಎಂದಳು. "ತೆಗೆದ್ರೆ ಇಸ್ಕಬೇಕಾಗ್ತದೆ."

ಅಷ್ಟು ಹೇಳಿ, ನಾವು ಇನ್ನೂ ಅಲ್ಲಿ ನಿಂತಿದ್ದಂತೆಯೇ ಅವಳು ಬಾಗಿಲು ಹಾಕಿಕೊಂಡಳು.